ಎತ್ತಿನ ಹಲ್ಲು, ಮನುಷ್ಯನ ವಯಸ್ಸು

ಸಿಂಧನೂರು ತಾಲ್ಲೂಕಿನ ಸಾಲಗುಂದದ ಕಟ್ಟೆಯ ಮೇಲೆ ಕೂತ ಮುತ್ಯಾನನ್ನು ವಯಸ್ಸೆಷ್ಟು ಎಂದು ಕೇಳಿ ನೋಡಿ. ‘ನನಗೇನ್ ಗೊತ್ತೋ ತಮ್ಮಾ, ರಜಾಕಾರರ ಗದ್ಲದಾಗ ಎಮ್ಮಿ ಕಾಯ್ತಿದ್ದೆ’ ಎನ್ನುತ್ತಾನೆ. ಆ ಗದ್ದಲ ಮುಗಿದದ್ದು 1948ರಲ್ಲಿ. ಆಧಾರ್ ಕಾರ್ಡಿನಲ್ಲಿ ಇರುವ ಜನ್ಮದಿನ 1950ರ ಜನವರಿ 1. ಸರ್ಕಾರದ ಲೆಕ್ಕದಲ್ಲಿ, ಎಮ್ಮೆ ಕಾಯುವಾಗ ಮುತ್ಯಾ ಇನ್ನೂ ಹುಟ್ಟೇ ಇರಲಿಲ್ಲ!

ತನ್ನ ವಯಸ್ಸು ಗೊತ್ತಿಲ್ಲದ ಇದೇ ಮುತ್ಯಾ ದನದ ಸಂತೆಯಲ್ಲಿ ಹೋರಿಯ ಕೆಳತುಟಿ ಸರಿಸಿ ಒಂದು ಕ್ಷಣ ನೋಡಿದರೆ ಸಾಕು. ‘ಎರಡು ಹಲ್ಲು’, ‘ಆರು ಹಲ್ಲು’, ‘ಬಾಯಿ ಕೂಡೈತಿ’ ಎಂದು ತೀರ್ಪು ಕೊಡುತ್ತಾನೆ. ಮಾರುವವನು ಹೇಳುವ ವಯಸ್ಸನ್ನು ಯಾರೂ ನಂಬುವುದಿಲ್ಲ, ಹಲ್ಲನ್ನು ನಂಬುತ್ತಾರೆ.

ಮುಪ್ಪನ್ನು ತಡವಾಗಿಸುವ ದಾರಿ ಹುಡುಕುತ್ತಿರುವ ವಿಜ್ಞಾನಿಗಳಿಗೂ ಬೇಕಾಗಿದ್ದು ಇಂಥದೇ ಒಂದು ಹಲ್ಲು. 1935ರಲ್ಲೇ ಅಮೆರಿಕದ ಕ್ಲೈವ್ ಮೆಕೇ, ಪೋಷಕಾಂಶಕ್ಕೆ ಕೊರತೆಯಾಗದಂತೆ ಊಟ ಕಡಿಮೆ ಮಾಡಿದ ಇಲಿಗಳು ಹೆಚ್ಚು ಕಾಲ ಬಾಳುತ್ತವೆಂದು ತೋರಿಸಿದ್ದರು. ಆದರೆ ಇಲಿ ಬಾಳುವುದು ಎರಡು ಮೂರು ವರ್ಷ. ಮನುಷ್ಯನ ಮೇಲೆ ಪರೀಕ್ಷೆ ಮಾಡಿ ಫಲ ನೋಡಲು ಕಾದರೆ ಪರೀಕ್ಷಿಸುವವನೇ ತೀರಿಕೊಂಡಿರುತ್ತಾನೆ!

ಹಾಗೆ ಕಾಯದೇ ವಯಸ್ಸು ಹೇಳುವ ಹಲ್ಲಿನ ಮೊದಲ ಸುಳಿವು ಸಿಕ್ಕಿದ್ದು 1961ರಲ್ಲಿ, ಫಿಲಡೆಲ್ಫಿಯಾದಲ್ಲಿ. ದೇಹದಿಂದ ಹೊರತೆಗೆದು ಪೋಷಿಸಿದ ಜೀವಕೋಶಕ್ಕೆ ಸಾವಿಲ್ಲ ಎಂದೇ ಅಲ್ಲಿಯತನಕ ನಂಬಿಕೆ. ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಒಂದು ಸರಳ ಉಪಾಯ ಮಾಡಿದರು. ಬಹಳ ಸಲ ಒಡೆದು ಹಳತಾದ ಗಂಡಿನ ಕೋಶಗಳನ್ನೂ ಹೆಣ್ಣಿನ ಎಳೆಯ ಕೋಶಗಳನ್ನೂ ಒಂದೇ ಸೀಸೆಯಲ್ಲಿ ಬೆರೆಸಿ ಬೆಳೆಸಿದರು. ಕೊನೆಗೆ ಉಳಿದದ್ದು ಹೆಣ್ಣಿನವು ಮಾತ್ರ. ತಿಂದ ಅನ್ನ, ಇದ್ದ ಮನೆ ಎರಡೂ ಒಂದೇ. ಆದರೂ ಹಳತು ನಿಂತುಹೋಯಿತು. ಸುಮಾರು ಐವತ್ತು ಸಲ ಒಡೆದ ಮೇಲೆ ಕೋಶ ಕೈಚೆಲ್ಲುತ್ತದೆ. ನಡುವೆ ಹೆಪ್ಪುಗಟ್ಟಿಸಿಟ್ಟು ತೆಗೆದರೂ ಬಿಟ್ಟಲ್ಲಿಂದಲೇ ಎಣಿಕೆ ಮುಂದುವರಿಸುತ್ತದೆ. ಅಂದರೆ ದೇಹದೊಳಗೆ ಯಾರೋ ಲೆಕ್ಕ ಬರೆಯುತ್ತಿದ್ದಾರೆ.

ಆ ಲೆಕ್ಕದ ಒಂದು ಪುಟ ಟೆಲೊಮಿಯರ್. ಹಗ್ಗದ ತುದಿ ಬಿಚ್ಚಿಕೊಳ್ಳದಂತೆ ಹಾಕಿದ ಗಂಟಿನ ಹಾಗೆ ವರ್ಣತಂತುವಿನ ತುದಿಯನ್ನು ಕಾಯುವ ಇದು, ಕೋಶ ಒಡೆದಾಗಲೆಲ್ಲ ಸವೆಯುತ್ತದೆ. ಈ ಶೋಧಕ್ಕೆ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್, ಜ್ಯಾಕ್ ಶೋಸ್ಟಾಕ್ 2009ರ ನೊಬೆಲ್ ಪಡೆದರು. 2013ರಲ್ಲಿ ಕ್ಯಾಲಿಫೋರ್ನಿಯಾದ ಸ್ಟೀವ್ ಹೋರ್ವಾತ್ ಇನ್ನೂ ನಿಖರವಾದ ಹಲ್ಲು ಹಿಡಿದರು. ಡಿಎನ್‌ಎ ಮೇಲೆ ಅಂಟುವ, ಕಳಚುವ ರಾಸಾಯನಿಕ ಗುರುತುಗಳನ್ನು 353 ಕಡೆ ಓದಿದರೆ ಮೂರು ನಾಲ್ಕು ವರ್ಷ ಹೆಚ್ಚುಕಡಿಮೆಯಲ್ಲಿ ವಯಸ್ಸು ಹೇಳಬಹುದು ಎಂದರು.

ಇತ್ತ ಔಷಧಗಳೂ ಸಾಲುಗಟ್ಟಿವೆ. ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ಭಾರತ ಮೂಲದ ಸುರೇನ್ ಸೆಹಗಲ್ ಬೇರ್ಪಡಿಸಿದ ರ‍್ಯಾಪಮೈಸಿನ್, ಬದಲಿ ಕಿಡ್ನಿ ಪಡೆದವರಿಗೆ ಕೊಡುವ ಔಷಧ. 2009ರಲ್ಲಿ ಅದನ್ನು 600 ದಿನ ತುಂಬಿದ ಮುದಿ ಇಲಿಗಳಿಗೆ ತಿನ್ನಿಸಿದಾಗ ಹೆಣ್ಣುಗಳ ಗರಿಷ್ಠ ಆಯುಸ್ಸು ಶೇ 14, ಗಂಡುಗಳದ್ದು ಶೇ 9ರಷ್ಟು ಹೆಚ್ಚಿತು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮೇಲೂ ಕಣ್ಣಿದೆ. ಆದರೆ ಮನುಷ್ಯನ ಮುಪ್ಪನ್ನು ತಡೆಯುತ್ತದೆಂದು ಸಾಬೀತಾದ ಗುಳಿಗೆ ಇಂದಿಗೂ ಒಂದೂ ಇಲ್ಲ.

ಇನ್ನೊಂದು ತೊಡಕೂ ಇದೆ. ವಯಸ್ಸು ಹೇಳುವ ಈ ಅಳತೆಗೋಲುಗಳು ಬಹುಪಾಲು ಪಾಶ್ಚಾತ್ಯರನ್ನು ನೋಡಿ ರೂಪುಗೊಂಡವು. ಜೋಳ ತಿಂದು ಬೆಳೆದ ಮೈಗೆ ಅವು ಒಪ್ಪಲೇಬೇಕೆಂದಿಲ್ಲ. ಅದಕ್ಕೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ಭಾರತ್’ ಹೆಸರಿನ ಅಧ್ಯಯನದಲ್ಲಿ ಭಾರತೀಯರ ಮುಪ್ಪಿನ ಗುರುತುಗಳನ್ನು ಹುಡುಕುತ್ತಿದೆ. ಅದೇ ಆವರಣದ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿಯಿಟ್ಟು ಕೆಲಸ ಮಾಡುತ್ತಿದೆ.

ಇದನ್ನೆಲ್ಲ ಹೇಳಿದಾಗ ಮುತ್ಯಾ ಬೊಚ್ಚುಬಾಯಲ್ಲಿ ನಕ್ಕ. ‘ಎತ್ತಿನ ಹಲ್ಲ ನೋಡಾದು ಅದು ಎಂದ ಸಾಯ್ತೈತಿ ಅಂತ ತಿಳಕಳಾಕಲ್ಲೋ ತಮ್ಮಾ, ಇನ್ನ ಎಷ್ಟು ವರ್ಷ ಗಳೆ ಹೊಡಿತೈತಿ ಅಂತ.’