ಅಚ್ಚಿನೊಳಗಿಂದ ಎದ್ದ ಒಂಟೆ

ಹಾವೇರಿ ಒಂಟೆಗಳ ಸೀಮೆಯಲ್ಲ. ಎತ್ತು, ಎಮ್ಮೆ, ಕುರಿಹಿಂಡು, ರಾಣೆಬೆನ್ನೂರಿನ ಅಭಯಾರಣ್ಯದ ಕಡೆ ಹೋದರೆ ಕೃಷ್ಣಮೃಗ. ಇಲ್ಲಿಯ ಮಕ್ಕಳು ನೋಡಿ ಬೆಳೆಯುವ ಪ್ರಾಣಿಗಳು ಇವು. ಆದರೂ ದೀಪಾವಳಿ ಕಳೆದು ಗೌರಿ ಹುಣ್ಣಿಮೆ ಹತ್ತಿರವಾದಂತೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಪೇಟೆಗಳಲ್ಲಿ ಒಂಟೆಗಳು ಸಾಲುಗಟ್ಟುತ್ತವೆ. ಬಿಳಿ, ತಿಳಿಗೆಂಪು, ಹಳದಿ ಒಂಟೆಗಳು. ಅವುಗಳ ಪಕ್ಕದಲ್ಲಿ ಆನೆ, ಕುದುರೆ, ನವಿಲು, ಗಿಳಿ, ಬಸವಣ್ಣ, ತೇರು. ಎಲ್ಲವೂ ಅಪ್ಪಟ ಸಕ್ಕರೆಯವು.

ಆ ಒಂಟೆಯನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ನೋಡಬೇಕು. ಅದಕ್ಕೆ ನಾಲ್ಕು ಬಿಡಿ ಕಾಲುಗಳಿಲ್ಲ. ಮುಂದಿನವೆರಡು ಕೂಡಿ ಒಂದು ದಿಂಡು, ಹಿಂದಿನವೆರಡು ಕೂಡಿ ಇನ್ನೊಂದು, ಕೆಳಗೆ ಎರಡನ್ನೂ ಬೆಸೆದ ಪೀಠ. ಕತ್ತು ಇರಬೇಕಾದ್ದಕ್ಕಿಂತ ದಪ್ಪ. ಬಾಯಿ ಒಂದು ಗೀರು, ಕಣ್ಣು ಒಂದು ಚುಕ್ಕೆ. ತುಪ್ಪಳವಿಲ್ಲ, ಕಾಲ್ಬೆರಳಿಲ್ಲ. ಇಷ್ಟೆಲ್ಲ ಇಲ್ಲದಿದ್ದರೂ ಅಂಗಡಿಯ ಆಚೆ ಬದಿಯಿಂದಲೇ ಅದು ಒಂಟೆ ಎಂದು ಮಗುವಿಗೂ ತಿಳಿಯುತ್ತದೆ. ಡುಬ್ಬ ಮತ್ತು ಎತ್ತಿದ ಮುಖ, ಇವೆರಡೇ ಸಾಕಾಗಿವೆ.

ಆನಿಮೇಷನ್ ಕಲಿಸುವ ಶಾಲೆಗಳಲ್ಲಿ ಮೊದಲ ವರ್ಷವೇ ಹೇಳಿಕೊಡುವ ಪಾಠ ಇದು: ಪಾತ್ರವನ್ನು ಪೂರ್ತಿ ಕಪ್ಪು ಬಳಿದು ನೆರಳಿನಂತೆ ಮಾಡಿ ನೋಡಿ, ಆಗಲೂ ಗುರುತು ಸಿಕ್ಕರೆ ವಿನ್ಯಾಸ ಗೆದ್ದಿತು. ಹಾವೇರಿ ಸೀಮೆಯ ಅಚ್ಚು ಕೆತ್ತುವ ಬಡಗಿಗೆ ಈ ಪರೀಕ್ಷೆಯನ್ನು ಯಾರೂ ಬಾಯಿಬಿಟ್ಟು ಹೇಳಿರಲಾರರು. ಒಂದೇ ಬಣ್ಣದ ಸಕ್ಕರೆಯಲ್ಲಿ ಆಕೃತಿ ಎದ್ದು ಕಾಣಬೇಕಾದರೆ ಅವನಿಗೆ ಬೇರೆ ದಾರಿಯೂ ಇರಲಿಲ್ಲ.

ಗೌರಿ ಹುಣ್ಣಿಮೆಯೆಂದರೆ ಕಾರ್ತಿಕದ ಹುಣ್ಣಿಮೆ. ಸೀಗಿ ಹುಣ್ಣಿಮೆಗೆ ಒಂದು ತಿಂಗಳು ಈಚೆಗೆ ಬರುವುದು. ಉತ್ತರ ಕರ್ನಾಟಕದಲ್ಲಿ ಇದು ಹೆಣ್ಣುಮಕ್ಕಳ ಹಬ್ಬ. ತಾಟಿನಲ್ಲಿ ಸಕ್ಕರೆ ಗೊಂಬೆಗಳನ್ನು ಜೋಡಿಸಿ, ನಡುವೆ ದೀಪ ಇಟ್ಟು, ಸಂಜೆ ಹಾಡುತ್ತ ಗೌರಿಗೆ ಬೆಳಗಲು ಹೋಗುತ್ತಾರೆ. ಅದಕ್ಕೇ ಗೊಂಬೆಗಳಿಗೆ ಸಕ್ರಿ ಆರತಿ ಎಂದೇ ಹೆಸರು. ಮದುವೆ ನಿಶ್ಚಯವಾದ ಹುಡುಗಿ ಇದ್ದರೆ ಗಂಡಿನ ಕಡೆಯವರು ಸೀರೆ, ಕುಬಸ, ಬಳೆ, ಹೂವಿನ ಜೊತೆ ಸಕ್ಕರೆ ಗೊಂಬೆಗಳನ್ನೂ ಹೊತ್ತು ಬರುತ್ತಾರೆ. ಬೆಳಗಿದ ಮೇಲೆ ಆನೆಯೂ ಒಂಟೆಯೂ ಚೂರಾಗಿ ಓಣಿಯ ಮಕ್ಕಳ ಬಾಯಿ ಸೇರುತ್ತವೆ.

ಈಗ ಜಗತ್ತಿನ ಇನ್ನೊಂದು ಗೊಂಬೆಯ ಕಡೆ ತಿರುಗೋಣ. 1999ರಲ್ಲಿ ಹಾಂಕಾಂಗ್‌ನ ಕಲಾವಿದ ಮೈಕೆಲ್ ಲಾವ್ ತನ್ನ ‘ಗಾರ್ಡನರ್’ ಗೊಂಬೆಗಳನ್ನು ಪ್ರದರ್ಶನಕ್ಕಿಟ್ಟ. ಅದೇ ವರ್ಷ ಅಮೆರಿಕದ ಕಲಾವಿದ ಕಾಸ್ ತನ್ನ ‘ಕಂಪ್ಯಾನಿಯನ್’ ಗೊಂಬೆಯನ್ನು ಜಪಾನಿನಲ್ಲಿ ಹೊರತಂದ. ಆಟಕ್ಕಿಂತ ಸಂಗ್ರಹಕ್ಕೆಂದೇ, ಕಲಾವಿದನ ಹೆಸರಿನಲ್ಲಿ, ಎಣಿಸಿದಷ್ಟೇ ಪ್ರತಿಗಳಲ್ಲಿ ಬರುವ ‘ಡಿಸೈನರ್ ಟಾಯ್’ ಬೆಳೆದದ್ದು ಹೀಗೆ. ಇತ್ತೀಚೆಗೆ ಬೆಂಗಳೂರಿನ ಕಾಲೇಜು ಹುಡುಗಿಯರ ಬ್ಯಾಗುಗಳಲ್ಲೂ ನೇತಾಡಿದ ಲಬೂಬು ಆ ವಂಶದ್ದೇ. ಅದು ಹುಟ್ಟಿದ್ದು ಕಾಗದದ ಮೇಲೆ. ಕಲಾವಿದ ಕಾಸಿಂಗ್ ಲಂಗ್ 2015ರಲ್ಲಿ ಬರೆದ ಚಿತ್ರಪುಸ್ತಕಗಳ ಒಂದು ಪಾತ್ರ ಅದು. 2019ರಿಂದ ಚೀನಾದ ಪಾಪ್ ಮಾರ್ಟ್ ಕಂಪನಿ ಅದನ್ನು ಒಳಗೇನಿದೆ ಎಂದು ತಿಳಿಯದ ಮುಚ್ಚಿದ ಡಬ್ಬಿಗಳಲ್ಲಿ ಮಾರಿತು. ಚಿತ್ರದಿಂದ ಗೊಂಬೆಗೆ, ಗೊಂಬೆಯಿಂದ ಪರದೆಗೆ ಪಾತ್ರಗಳು ಓಡಾಡುತ್ತಲೇ ಇರುತ್ತವೆ. ಡಿಸ್ನಿ ಸ್ಟುಡಿಯೋದಲ್ಲಿ 1930ರ ದಶಕದ ಕೊನೆಗೇ ಜೋ ಗ್ರಾಂಟ್ ನೇತೃತ್ವದಲ್ಲಿ ಪಾತ್ರಗಳ ಮಾದರಿ ಮಾಡುವ ಪ್ರತ್ಯೇಕ ವಿಭಾಗವಿತ್ತು. 1940ರ ‘ಪಿನೋಕಿಯೋ’ ಚಿತ್ರದ ಕಲಾವಿದರು ಪಾತ್ರಗಳ ಪುಟ್ಟ ಮೂರ್ತಿಗಳನ್ನು ಮುಂದಿಟ್ಟುಕೊಂಡು, ತಿರುಗಿಸಿ ನೋಡುತ್ತ ಚಿತ್ರ ಬರೆದರು.

ಈ ಎಲ್ಲ ಗೊಂಬೆಗಳ ಮೂಲದಲ್ಲಿ ಇರುವುದು ಅಚ್ಚು. ಹಾವೇರಿಯ ಕಥೆಯೂ ಅಚ್ಚಿನದೇ.

ಸಕ್ಕರೆ ಗೊಂಬೆಯ ಅಚ್ಚು ಮರದ್ದು, ಹೆಚ್ಚಾಗಿ ಸಾಗವಾನಿಯದು. ಎರಡು ಹಲಗೆ ತುಂಡುಗಳು. ಒಂದರಲ್ಲಿ ಒಂಟೆಯ ಎಡ ಮೈ, ಇನ್ನೊಂದರಲ್ಲಿ ಬಲ ಮೈ, ಎರಡೂ ತಗ್ಗಾಗಿ ಕೆತ್ತಿದವು. ಮುಖಕ್ಕೆ ಮುಖ ಕೊಟ್ಟು ಕೂಡಿಸಿದರೆ ನಡುವೆ ಒಂಟೆಯಾಕಾರದ ಪೊಳ್ಳು, ತಳದಲ್ಲಿ ಪಾಕ ಸುರಿಯಲು ಬಾಯಿ. ಹೇಳಲು ಇಷ್ಟೇ. ಕೆತ್ತುವವನ ಕಷ್ಟ ಬೇರೆಯದು. ಅವನು ಒಂಟೆಯನ್ನು ಕೆತ್ತುವಂತಿಲ್ಲ, ಒಂಟೆ ಇಲ್ಲದ ಜಾಗವನ್ನು ಕೆತ್ತಬೇಕು. ಉಬ್ಬಬೇಕಾದ ಕೆನ್ನೆ ಅವನ ಉಳಿಗೆ ಗುಳಿ; ಗೊಂಬೆಯ ಮೇಲೆ ಗೀರಾಗಿ ಕಾಣಬೇಕಾದ್ದನ್ನು ಅಚ್ಚಿನಲ್ಲಿ ಏಣಾಗಿ ಉಳಿಸಬೇಕು. ಎಡವೂ ಬಲವೂ ಕೂದಲೆಳೆಯಷ್ಟು ಸರಿದರೂ ಒಂಟೆಗೆ ಎರಡು ಮೂಗು ಬಂದಂತೆ.

ಅದಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿದೆ. ಗಟ್ಟಿಯಾದ ಸಕ್ಕರೆ ಬಾಗುವುದಿಲ್ಲ. ಅಚ್ಚಿನೊಳಗೆ ಎಲ್ಲಿಯಾದರೂ ಕೊಕ್ಕೆಯಂಥ ತಿರುವಿದ್ದರೆ ಗೊಂಬೆ ಅಲ್ಲಿ ಸಿಕ್ಕಿಕೊಂಡು, ಬಿಡಿಸುವಾಗ ಮುರಿಯುತ್ತದೆ. ಜಪಾನಿನ ಮೆದು ವಿನೈಲ್ ಗೊಂಬೆಗಳಿಗೆ ಈ ತೊಂದರೆಯಿಲ್ಲ. ಲೋಹದ ಅಚ್ಚಿನಿಂದ ಅವನ್ನು ಬಿಸಿಯಿರುವಾಗಲೇ ಇಕ್ಕಳ ಹಾಕಿ ಎಳೆಯುತ್ತಾರೆ. ಅವು ಹಿಗ್ಗಿ, ಕುಗ್ಗಿ, ಹೊರಬಂದು ಮತ್ತೆ ಸ್ವಸ್ಥಾನಕ್ಕೆ ಕೂರುತ್ತವೆ. ಸಕ್ಕರೆಗೆ ಆ ಸೌಲಭ್ಯ ಎಲ್ಲಿಯದು? ಹಾಗಾಗಿ ಆನೆಯ ಸೊಂಡಿಲು ಗಾಳಿಯಲ್ಲಿ ತೂಗದೆ ಮುಂಗಾಲಿಗೆ ಅಂಟಿರಬೇಕು, ಗಿಳಿಯ ಕೊಕ್ಕು ಎದೆಗೆ ಒರಗಬೇಕು, ಒಂಟೆಯ ಕಾಲುಗಳು ಜೊತೆಯಾಗಬೇಕು. ತೆಳುವಾದದ್ದಕ್ಕೆ ಇಲ್ಲಿ ಉಳಿಗಾಲವಿಲ್ಲ.

ಈ ಬಿಗಿಯಿಂದಲೇ ಗೊಂಬೆಗಳಿಗೆ ಒಂದು ಚಹರೆ ಬಂದಿದೆ. ಗೌರಿ ಹುಣ್ಣಿಮೆಯ ಆನೆ ಕಾಡಿನ ಆನೆಯಂತಿಲ್ಲ, ಗುಡಿಯ ಕಲ್ಲಿನ ಆನೆಯಂತೆಯೂ ಇಲ್ಲ. ಮೈಯನ್ನೆಲ್ಲ ಒಳಕ್ಕೆ ಸೇರಿಸಿಕೊಂಡು ಗುಂಡಗೆ ನಿಂತ ಅದರ ಗತ್ತು ಅದಕ್ಕೇ ಸ್ವಂತ. ಕಟ್ಟಳೆಯಿಂದ ಪಾತ್ರ ಹುಟ್ಟಿದ ಉದಾಹರಣೆಗಳು ಲೋಕದಲ್ಲಿ ಬೇಕಾದಷ್ಟಿವೆ. 1981ರ ‘ಡಾಂಕಿ ಕಾಂಗ್’ ಆಟದಲ್ಲಿ ಕೆಲವೇ ಚುಕ್ಕೆಗಳಲ್ಲಿ ಮನುಷ್ಯನನ್ನು ಮೂಡಿಸಬೇಕಿದ್ದ ಶಿಗೆರು ಮಿಯಾಮೊಟೊ, ಕೂದಲು ತೋರಿಸುವ ಕಷ್ಟ ಬೇಡವೆಂದು ಟೋಪಿ ಹಾಕಿದರು, ಬಾಯಿ ಬಿಡಿಸುವುದು ಬೇಡವೆಂದು ಮೀಸೆ ಇಟ್ಟರು. ಮುಂದೆ ಅವನೇ ಮಾರಿಯೋ ಆದ. ನಮ್ಮ ಚನ್ನಪಟ್ಟಣದ ಗೊಂಬೆಗಳು ದುಂಡಗಿರುವುದು ಅವು ತಿರುಗುವ ಯಂತ್ರದ ಮೇಲೆ ಹುಟ್ಟುವುದರಿಂದ. ಚನ್ನಪಟ್ಟಣದ ದುಂಡುತನಕ್ಕೆ ಭೌಗೋಳಿಕ ಗುರುತಿನ ಮನ್ನಣೆಯಿದೆ, ಕೊಪ್ಪಳದ ಕಿನ್ನಾಳ ಗೊಂಬೆಗೂ ಇದೆ. ಹಾವೇರಿ ಸೀಮೆಯ ಅಚ್ಚಿನ ಆನೆಯನ್ನು ಕಲೆಯ ಲೆಕ್ಕಕ್ಕೆ ಹಿಡಿದವರೇ ಕಡಿಮೆ. ತಿಂದು ಮುಗಿಸುವ ವಸ್ತುವಾದ್ದರಿಂದ ಮಿಠಾಯಿಯ ಲೆಕ್ಕದಲ್ಲೇ ಅದು ಉಳಿದುಹೋಯಿತು.

ತಯಾರಿ ಮನೆಗಳಲ್ಲೇ ನಡೆಯುತ್ತದೆ. ಹಬ್ಬಕ್ಕೆ ಕೆಲವು ವಾರ ಮೊದಲೇ ಒಲೆ ಹೂಡುತ್ತಾರೆ. ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕುವುದು ಮೊದಲ ಕೆಲಸ. ಒಣ ಮರಕ್ಕೆ ಪಾಕ ಕಚ್ಚಿಕೊಳ್ಳುತ್ತದೆ. ಸಕ್ಕರೆ ಕುದಿಯುವಾಗ ತುಸು ಹಾಲು ಹಾಕಿದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ಸೋಸುತ್ತಾರೆ. ಆಮೇಲಿನದೆಲ್ಲ ಅಂದಾಜಿನ ಕೆಲಸ. ಪಾಕ ಹದಕ್ಕೆ ಬಂದಾಗ ಸೌಟಿನಿಂದ ಪಾತ್ರೆಯ ಗೋಡೆಗೆ ಉಜ್ಜುತ್ತಾರೆ; ಉಜ್ಜಿದಂತೆ ಸಕ್ಕರೆ ನವಿರಾದ ಹರಳುಗಟ್ಟಿ, ಗಾಜಿನಂತಿದ್ದ ಪಾಕ ಬೆಳ್ಳಗಾಗುತ್ತದೆ. ಆ ಹೊತ್ತಿಗೇ ಸುರಿಯಬೇಕು. ಮೊದಲೇ ಸುರಿದರೆ ಅಂಟು ಉಳಿಯುತ್ತದೆ, ತಡವಾದರೆ ಪಾತ್ರೆಯಲ್ಲೇ ಹೆಪ್ಪುಗಟ್ಟುತ್ತದೆ. ಬಿಗಿಯಾಗಿ ಕಟ್ಟಿದ ಅಚ್ಚಿಗೆ ಸುರಿದು ಕೆಲವು ನಿಮಿಷ ಬಿಟ್ಟು ಕಟ್ಟು ಬಿಚ್ಚಿದರೆ ಒಂಟೆ ಎದ್ದು ನಿಲ್ಲುತ್ತದೆ, ಬೆನ್ನ ಮೇಲೆ ಎರಡು ಹೋಳು ಕೂಡಿದ ಗೆರೆಯೊಂದಿಗೆ. ಕಾರ್ಖಾನೆಯ ಗೊಂಬೆಗಳಲ್ಲೂ ಆ ಗೆರೆ ಇರುತ್ತದೆ. ಅಲ್ಲಿ ಅದನ್ನು ಉಜ್ಜಿ ಅಳಿಸುತ್ತಾರೆ.

ಹಬ್ಬಕ್ಕೆ ಸಕ್ಕರೆಯನ್ನು ಎರಕ ಹೊಯ್ಯುವವರು ಬೇರೆ ನಾಡುಗಳಲ್ಲೂ ಇದ್ದಾರೆ. ಪ್ರವಾದಿಯವರ ಜನ್ಮದಿನಕ್ಕೆ ಈಜಿಪ್ಟಿನಲ್ಲಿ ಸಕ್ಕರೆಯ ಮದುವಣಗಿತ್ತಿ ಮತ್ತು ಕುದುರೆ ಸವಾರ ಬರುತ್ತಾರೆ. ಸಿಸಿಲಿಯಲ್ಲಿ ನವೆಂಬರ್ 2ರ ಹಿರಿಯರ ದಿನಕ್ಕೆ ಬಣ್ಣದ ಸಕ್ಕರೆ ವೀರರು. ಮೆಕ್ಸಿಕೋದಲ್ಲಿ ಸಕ್ಕರೆಯ ತಲೆಬುರುಡೆ. ಇವುಗಳಲ್ಲಿ ಮೆಕ್ಸಿಕೋದ ಹಬ್ಬದ ಅದೃಷ್ಟ ದೊಡ್ಡದು: 2017ರಲ್ಲಿ ಪಿಕ್ಸಾರ್ ಸ್ಟುಡಿಯೋ ಆ ಹಬ್ಬದ ಸುತ್ತಲೇ ‘ಕೊಕೊ’ ಸಿನಿಮಾ ಮಾಡಿತು, ನಗುವ ಬುರುಡೆಗಳು ಜಗತ್ತಿನ ಮಕ್ಕಳಿಗೆಲ್ಲ ನೆಂಟರಾದವು. ಗೌರಿ ಹುಣ್ಣಿಮೆಯ ತಾಟಿನಲ್ಲಿರುವ ತೇರು, ಆನೆ, ಗಿಳಿ, ಒಂಟೆಗಳ ದಿಬ್ಬಣಕ್ಕೆ ಯಾವ ಕಥೆಗಾರನೂ ಇನ್ನೂ ಸಿಕ್ಕಿಲ್ಲ. ಮದುವೆ ಗೊತ್ತಾದ ಹುಡುಗಿಯ ಮನೆಗೆ ಹೊರಟ ಸಕ್ಕರೆಯ ಒಂಟೆಗಿಂತ ಒಳ್ಳೆಯ ನಾಯಕ ಬೇಕೇ?

ಪಾತ್ರಗಳ ವಿಷಯದಲ್ಲಿ ಹಾವೇರಿ ಜಿಲ್ಲೆ ಬಡವಾಗಿಲ್ಲ. ಹೋಳಿ ಹಬ್ಬಕ್ಕೆ ಬೇರೆ ಊರುಗಳು ರತಿ-ಕಾಮರ ಗೊಂಬೆ ಕೂರಿಸಿದರೆ ರಾಣೆಬೆನ್ನೂರಿನಲ್ಲಿ ಜೀವಂತ ಮನುಷ್ಯರೇ ರತಿ-ಕಾಮರಾಗಿ ಅಲುಗದೆ ಕೂರುತ್ತಾರೆ, ನಗಿಸಿದವರಿಗೆ ಬಹುಮಾನ. ದೀಪಾವಳಿಯ ಹೋರಿ ಬೆದರಿಸುವ ಅಖಾಡದಲ್ಲಿ ಪ್ರತಿ ಹೋರಿಗೂ ಒಂದು ಬಿರುದು, ಒಂದು ವೇಷ, ಕೊಬ್ಬರಿ ಹಾರ, ಕೋಡಿನ ತುದಿಗೆ ಬಲೂನು, ಹಿಂದೆ ಅಭಿಮಾನಿಗಳ ದಂಡು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ಬದುಕೇ ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. 2020ರಲ್ಲಿ ತೀರಿಕೊಂಡ ಅವರು ದೊಡ್ಡಾಟಕ್ಕೂ ದುಡಿದವರು. ವೇಷ, ಬಣ್ಣ, ನಿಲುವಿನಿಂದಲೇ ಪಾತ್ರವನ್ನು ಹೇಳಿಬಿಡುವ ದೊಡ್ಡಾಟದ ಕಣ್ಣು ಅವರ ಶಿಲ್ಪಗಳಲ್ಲೂ ಇದೆ.

ಸಕ್ಕರೆ ಗೊಂಬೆಯ ಮನೆಗಳಿಗೆ ಸಿಗುವುದು ವರ್ಷಕ್ಕೊಂದು ಹಂಗಾಮು. ಉಳಿದ ತಿಂಗಳು ಬೇರೆ ದುಡಿಮೆ. ಬೀಗರ ಮನೆಗೆ ಈಗ ಚಾಕೊಲೇಟ್ ಡಬ್ಬಿಗಳೂ ಹೋಗುತ್ತವೆ. ಸಕ್ಕರೆ ಎಂದರೆ ಡಾಕ್ಟರರ ಮಾತು ನೆನಪಾಗುವ ಕಾಲವಿದು. ಗೊಂಬೆ ಮಾಡುವುದನ್ನು ಬಿಟ್ಟ ಮನೆಗಳಲ್ಲಿ ಅಚ್ಚುಗಳು ಅಟ್ಟ ಸೇರಿವೆ. ಹಾವೇರಿಯ ಏಲಕ್ಕಿ ಹಾರಕ್ಕೆ ಗಣ್ಯರ ಕೊರಳು ಸಿಕ್ಕಿತು, ಬ್ಯಾಡಗಿಯ ಮೆಣಸಿನಕಾಯಿಗೆ ದೇಶದ ಮಾರುಕಟ್ಟೆ ಸಿಕ್ಕಿತು. ಸಕ್ರಿ ಗೊಂಬಿಗೆ ಸಿಕ್ಕಿದ್ದು ಹದಿನೈದು ದಿನದ ಬಂಡಿ ಅಂಗಡಿ.

ಕರ್ನಾಟಕ ಸರ್ಕಾರ ಆನಿಮೇಷನ್ ಮತ್ತು ಗೇಮಿಂಗ್‌ಗೆಂದು ಮೊದಲ ನೀತಿ ತಂದದ್ದು 2012ರಲ್ಲಿ. ಈಗ 2024-29ರ ನೀತಿ ಜಾರಿಯಲ್ಲಿದೆ. ಕೊಪ್ಪಳದ ಭಾನಾಪುರದಲ್ಲಿ ಆಟಿಕೆ ಉದ್ಯಮದ ಕ್ಲಸ್ಟರ್ ಇದೆ. ಗೊಟಗೋಡಿಯಲ್ಲೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಈ ಮೂರರ ನಡುವೆ ಒಂದು ಸಣ್ಣ ಕೆಲಸ ಆಗಬಹುದು: ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಾಲ್ಲೂಕುಗಳ ಅಚ್ಚುಗಳನ್ನು ಹುಡುಕಿ, ಎರಡೂ ಹೋಳುಗಳನ್ನು ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿ, ಯಾರ ಮನೆಯದು, ಯಾವ ಊರಿನದು ಎಂದು ಬರೆದಿಡುವುದು. ಬೆಂಗಳೂರಿನ ವಿನ್ಯಾಸ ಶಾಲೆಯ ವಿದ್ಯಾರ್ಥಿ ಆ ಆನೆಗೆ ಜೀವ ತುಂಬಿ ನಡೆಸಬಹುದು. ಅದೇ ಆಕೃತಿ ಮರದಲ್ಲೋ ವಿನೈಲ್‌ನಲ್ಲೋ ಗೊಂಬೆಯಾಗಿ ಬಂದರೆ ಅಚ್ಚಿನ ಮನೆಯವರಿಗೂ ಪಾಲು ಸಿಗಬಹುದು. ಇದಕ್ಕೆ ಬೇಕಾದ ಯಂತ್ರಗಳು ರಾಜ್ಯದಲ್ಲಿ ಆಗಲೇ ಇವೆ. ಮರದ ಅಚ್ಚುಗಳು ಮಾತ್ರ ಹಳೆ ಸಾಮಾನಿನ ಅಂಗಡಿಗಳ ದಾರಿ ಹಿಡಿದಿವೆ, ಪೇಟೆಯ ಮನೆಗಳ ಗೋಡೆಗೆ ಅಲಂಕಾರವಾಗಲು. ಎಷ್ಟೋ ಸಲ ಜೋಡಿಯ ಒಂದೇ ಹೋಳು ಮಾರಾಟವಾಗುತ್ತದೆ. ಆಮೇಲೆ ಉಳಿದ ಹೋಳಿನಿಂದ ಒಂಟೆ ಎರಕಕ್ಕೆ ಬರುವುದಿಲ್ಲ.