ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದರೆ: ಗ್ಲುಕಗಾನ್ ಚುಚ್ಚುಮದ್ದಿನ ಸರಿಯಾದ ಬಳಕೆ

ಸಕ್ಕರೆ ಕಾಯಿಲೆ ಎಂದೊಡನೆ ರಕ್ತದಲ್ಲಿ ಸಕ್ಕರೆ ಏರುವುದರ ಬಗ್ಗೆಯೇ ನಾವು ಚಿಂತಿಸುತ್ತೇವೆ. ಅದು ಇಳಿಯುವುದೂ ಅಷ್ಟೇ ಅಪಾಯಕಾರಿ. ಏರಿದ ಸಕ್ಕರೆ ಸಾಮಾನ್ಯವಾಗಿ ವರ್ಷಗಟ್ಟಲೆ ದೇಹವನ್ನು ಸವೆಸಿದರೆ, ಕುಸಿದ ಸಕ್ಕರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ಜೊಯಿಡಾದ ಕಾಡಿನ ನಡುವಿನ ಊರುಗಳಿಂದ ದಾಂಡೇಲಿಗೆ ಬರುವುದೇ ಒಂದು ಪ್ರಯಾಣ. ದಾಂಡೇಲಿ, ಹಳಿಯಾಳದವರು ದೊಡ್ಡ ಆಸ್ಪತ್ರೆಗೆಂದು ಧಾರವಾಡಕ್ಕೆ, ಮುಂಡಗೋಡದವರು ಹುಬ್ಬಳ್ಳಿಗೆ ಹೋಗಬೇಕು. 108 ಆಂಬ್ಯುಲೆನ್ಸ್ ಬರುವವರೆಗಿನ ಸಮಯದಲ್ಲಿ ರೋಗಿಯ ಜೀವ ಮನೆಯವರ ಕೈಯಲ್ಲೇ ಇರುತ್ತದೆ.

ಯಾರಿಗೆ ಈ ಅಪಾಯ?

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹಾಗೂ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಮಾತ್ರೆ ನುಂಗುವವರಿಗೆ ಈ ಅಪಾಯ ಹೆಚ್ಚು. ಮಾತ್ರೆ ನುಂಗಿ ಊಟ ತಡವಾದರೆ, ಹೊಲದಲ್ಲಿ ಅಥವಾ ಕಾರ್ಖಾನೆಯ ರಾತ್ರಿ ಪಾಳಿಯಲ್ಲಿ ದುಡಿದು ದಣಿದರೆ, ವಾಂತಿ ಭೇದಿಯಾದರೆ ಸಕ್ಕರೆ ಇಳಿಯುತ್ತದೆ. ವಯಸ್ಸಾದವರು ಮತ್ತು ಮೂತ್ರಪಿಂಡದ ತೊಂದರೆ ಇರುವವರು ಇನ್ನೂ ಎಚ್ಚರವಾಗಿರಬೇಕು.

ಕೈ ನಡುಕ, ತಣ್ಣನೆಯ ಬೆವರು, ಎದೆ ಬಡಿತ, ವಿಪರೀತ ಹಸಿವು, ಕಾರಣವಿಲ್ಲದ ಸಿಟ್ಟು, ತೊದಲು ಮಾತು ಇದರ ಲಕ್ಷಣಗಳು. ಮೀಟರ್ 70 ಮಿಲಿಗ್ರಾಂಗಿಂತ ಕಡಿಮೆ ತೋರಿಸಿದರೆ ಕೂಡಲೇ ಸಕ್ಕರೆ ಕೊಡಬೇಕು. 54ಕ್ಕಿಂತ ಕೆಳಗಿಳಿದರೆ ಪರಿಸ್ಥಿತಿ ಗಂಭೀರ.

ಎಚ್ಚರವಿದ್ದರೆ

ರೋಗಿ ನುಂಗಬಲ್ಲ ಸ್ಥಿತಿಯಲ್ಲಿದ್ದರೆ ಚುಚ್ಚುಮದ್ದು ಬೇಡ. ಮೂರು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಆಮೇಲೆ ರೊಟ್ಟಿ, ಅನ್ನ ಏನಾದರೂ ತಿನ್ನಿಸಿ. ಚಾಕಲೇಟ್, ಮಿಠಾಯಿಯಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಿಸುತ್ತದೆ.

ಒಂದು ಮಾತು ನೆನಪಿರಲಿ. ನಿಮ್ಮ ಮಾತ್ರೆಯ ಪಟ್ಟಿಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಹೆಸರಿದ್ದರೆ ಮನೆಯ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ. ಅವು ಹೊಟ್ಟೆಯಲ್ಲಿ ಒಡೆಯುವುದನ್ನೇ ಈ ಮಾತ್ರೆಗಳು ತಡೆಯುತ್ತವೆ. ಅಂಥವರ ಮನೆಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು.

ಪ್ರಜ್ಞೆ ಇಲ್ಲದಿದ್ದರೆ

ಬಾಯಿಗೆ ಏನನ್ನೂ ಹಾಕಬೇಡಿ. ಪ್ರೀತಿಯಿಂದ ಸುರಿದ ಶರಬತ್ತಾಗಲಿ, ಜೇನಾಗಲಿ, ಝಮ್‌ಝಮ್ ನೀರೇ ಆಗಲಿ ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟಿಸಬಹುದು. ಇಂಥ ಹೊತ್ತಿಗೆಂದೇ ವೈದ್ಯರು ಬರೆದುಕೊಡುವ ಔಷಧ ಗ್ಲುಕಗಾನ್. ಇದು ನಮ್ಮ ಮೇದೋಜ್ಜೀರಕ ಗ್ರಂಥಿಯಲ್ಲೇ ಉತ್ಪತ್ತಿಯಾಗುವ ಹಾರ್ಮೋನ್. 1923ರಲ್ಲಿ ಕಿಂಬಾಲ್ ಮತ್ತು ಮರ್ಲಿನ್ ಎಂಬ ಅಮೆರಿಕದ ವಿಜ್ಞಾನಿಗಳು ಇದಕ್ಕೆ ಈ ಹೆಸರಿಟ್ಟರು. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಅದು ರಕ್ತಕ್ಕೆ ಬಿಡಿಸುತ್ತದೆ. ಹಿಂದೆ ಇದನ್ನು ಹಂದಿ ಮತ್ತು ದನದ ಗ್ರಂಥಿಯಿಂದ ತೆಗೆಯುತ್ತಿದ್ದರು. ಈಗಿನದು ಯೀಸ್ಟ್ ಅಥವಾ ಬ್ಯಾಕ್ಟೀರಿಯಾದ ಮೂಲಕ ಇಲ್ಲವೇ ರಾಸಾಯನಿಕ ವಿಧಾನದಲ್ಲಿ ತಯಾರಾಗುವಂಥದ್ದು; ಈ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ.

ಪೆಟ್ಟಿಗೆಯಲ್ಲಿ ಪುಡಿಯ ಸೀಸೆ ಮತ್ತು ನೀರು ತುಂಬಿದ ಸಿರಿಂಜ್ ಇರುತ್ತವೆ. ನೀರನ್ನು ಸೀಸೆಗೆ ಬಿಟ್ಟು, ಪುಡಿ ಕರಗುವವರೆಗೆ ಮೆಲ್ಲಗೆ ಅಲುಗಿಸಿ. ದ್ರವ ತಿಳಿಯಾಗಿರಬೇಕು, ಕದಡಿದಂತಿದ್ದರೆ ಬಳಸಬಾರದು. ಅದನ್ನು ಸಿರಿಂಜಿಗೆ ಎಳೆದು ತೊಡೆಯ ಹೊರಭಾಗದ ಸ್ನಾಯುವಿಗೆ ಚುಚ್ಚಿ. ದೊಡ್ಡವರಿಗೆ 1 ಮಿಲಿಗ್ರಾಂ. 25 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಸಾಮಾನ್ಯವಾಗಿ ಅದರ ಅರ್ಧ. ನಿಮ್ಮ ಮಗುವಿನ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಂಡಿರಿ. ಚುಚ್ಚಿದ ಬಳಿಕ ವಾಂತಿಯಾಗಬಹುದು, ಆದ್ದರಿಂದ ರೋಗಿಯನ್ನು ಮಗ್ಗುಲಿಗೆ ಮಲಗಿಸಿ. ಅದೇ ವೇಳೆ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಸಾಮಾನ್ಯವಾಗಿ 10ರಿಂದ 15 ನಿಮಿಷಗಳಲ್ಲಿ ಎಚ್ಚರವಾಗುತ್ತದೆ. ನುಂಗುವಷ್ಟು ಚೇತರಿಸಿಕೊಂಡ ಕೂಡಲೇ ಸಿಹಿ ಪಾನೀಯ, ನಂತರ ಊಟ ಕೊಡಿ.

ಎಚ್ಚರವಾಯಿತೆಂದು ನಿಲ್ಲಬೇಡಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಗ್ಲುಕಗಾನ್ ಕೊಡುವುದು ಸ್ವಲ್ಪ ಸಮಯವನ್ನು ಮಾತ್ರ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳ ಪ್ರಭಾವ ಇಡೀ ದಿನ ಉಳಿಯಬಲ್ಲದು. ಮಾತಾಡುತ್ತ ಕೂತ ರೋಗಿಗೆ ಕೆಲ ಗಂಟೆಗಳಲ್ಲಿ, ನಿದ್ದೆಯಲ್ಲೇ, ಸಕ್ಕರೆ ಮತ್ತೆ ಕುಸಿಯಬಹುದು. ಆದ್ದರಿಂದ ಆಸ್ಪತ್ರೆಗೆ ಹೋಗಲೇಬೇಕು. ಚುಚ್ಚಿದರೂ ಎಚ್ಚರವಾಗದಿದ್ದರೆ ರಕ್ತನಾಳಕ್ಕೆ ಗ್ಲೂಕೋಸ್ ಕೊಡಬೇಕಾಗುತ್ತದೆ, ಮನೆಯಲ್ಲಿ ಕಾಯುವಂತಿಲ್ಲ.

ರಮಝಾನ್‌ನಲ್ಲಿ

ದಿನವಿಡೀ ಉಪವಾಸವಿದ್ದಾಗ ಯಕೃತ್ತಿನಲ್ಲಿ ಸಕ್ಕರೆಯ ಸಂಗ್ರಹ ಕಡಿಮೆಯಾಗಿರುತ್ತದೆ. ಸಂಗ್ರಹ ತೀರಾ ಇಳಿದಿದ್ದರೆ ಈ ಚುಚ್ಚುಮದ್ದು ಸರಿಯಾಗಿ ಕೆಲಸ ಮಾಡದು. ಆದ್ದರಿಂದ ಚುಚ್ಚುಮದ್ದು ಮನೆಯಲ್ಲಿದೆ ಎಂಬ ಧೈರ್ಯದ ಮೇಲೆ ಉಪವಾಸ ಹಿಡಿಯಬೇಡಿ. ರಮಝಾನ್‌ಗೆ ಒಂದೂವರೆ ಎರಡು ತಿಂಗಳ ಮೊದಲೇ ವೈದ್ಯರನ್ನು ಕಂಡು, ಉಪವಾಸ ಇರಬಹುದೇ ಎಂದು ಕೇಳಿ. ಇರಬಹುದು ಎಂದರೆ ಔಷಧದ ಪ್ರಮಾಣವನ್ನು ಸಹರಿ ಮತ್ತು ಇಫ್ತಾರ್‌ಗೆ ಹೊಂದಿಸಿಕೊಳ್ಳಿ. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ. 70ಕ್ಕಿಂತ ಇಳಿದರೆ ಮಗ್ರಿಬ್‌ಗೆ ಹತ್ತೇ ನಿಮಿಷ ಬಾಕಿ ಇದ್ದರೂ ಉಪವಾಸ ಬಿಡಬೇಕು. ರೋಗಿಗಳಿಗೆ ಕುರ್‌ಆನ್‌ನ ಅಲ್‌ಬಕರಃ ಅಧ್ಯಾಯವೇ ರಿಯಾಯಿತಿ ನೀಡಿದೆ. ಖಝಾ, ಫಿದ್‌ಯದ ವಿವರವನ್ನು ನಿಮ್ಮ ಉಲಮಾರಲ್ಲಿ ಕೇಳಿಕೊಳ್ಳಿ.

ಇಂದೇ ಮಾಡಬಹುದಾದ ಸಿದ್ಧತೆ

ಗ್ಲುಕಗಾನ್ ಎಲ್ಲ ಅಂಗಡಿಗಳಲ್ಲೂ ಸದಾ ಸಿಗುವಂಥದ್ದಲ್ಲ. ವೈದ್ಯರ ಚೀಟಿ ಪಡೆದು ಮೊದಲೇ ತರಿಸಿಡಿ. ಅಡ್ರಿನಲ್ ಗ್ರಂಥಿ ಅಥವಾ ಮೇದೋಜ್ಜೀರಕದಲ್ಲಿ ಗೆಡ್ಡೆ ಇರುವವರಿಗೆ ಇದು ಅಪಾಯ ತರಬಹುದು; ಅದನ್ನು ವೈದ್ಯರಿಗೆ ತಿಳಿಸಿ. ಪೆಟ್ಟಿಗೆಯ ಮೇಲೆ ಬರೆದ ಉಷ್ಣತೆಯಲ್ಲೇ ಇಡಿ, ಫ್ರೀಜರ್‌ನಲ್ಲಿ ಇಡಬೇಡಿ. ಪುಡಿಯನ್ನು ಮುಂಚಿತವಾಗಿ ಕಲಸಿಡಬಾರದು. ಅವಧಿ ಮುಗಿಯುವ ತಿಂಗಳನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತಿಸಿ.

ಪ್ರಜ್ಞೆ ತಪ್ಪಿದವರು ತಾವೇ ಚುಚ್ಚಿಕೊಳ್ಳಲಾರರು. ಆದ್ದರಿಂದ ಮನೆಯಲ್ಲಿ ಕನಿಷ್ಠ ಇಬ್ಬರು, ಅವರಲ್ಲೊಬ್ಬರು ಹಗಲಿನಲ್ಲಿ ಮನೆಯಲ್ಲೇ ಇರುವವರು, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇದನ್ನು ಕಲಿತಿರಲಿ.