ಠಾಣೆಯಲ್ಲಿ ಚಿನ್ನ ಕಲ್ಲಾದ ಕಥೆ

ಕಳೆದ ಶುಕ್ರವಾರ ಫರ್ವಾನಿಯಾದಲ್ಲಿ ಚಹಾ ಕುಡೀತಾ ಇದ್ದಾಗ ಊರ ಕಡೆಯ ಗೆಳೆಯರೊಬ್ಬರು ಹೇಳಿದರು: "ಮನೆಯಲ್ಲಿ ಕಳ್ಳತನ ಆಗಿ ವರ್ಷ ಆಯ್ತು. ಪೊಲೀಸರಿಗೆ ಹೆಂಡತಿಯ ಸರ ಸಿಕ್ಕಿದೆ. ಆದರೆ ನಮ್ಮ ಕೈಗೆ ಬಂದಿಲ್ಲ ಮಾರಾಯ್ರೆ. ಪೊಲೀಸರ ಮೇಲೆ ಕೇಸು ಹಾಕಿ ಗೆದ್ದವರು ಯಾರಿದ್ದಾರೆ?"

ಇದ್ದಾರೆ. ಅದೂ ನಮ್ಮ ಬೆಳಗಾವಿ ಜಿಲ್ಲೆಯವರೇ.

ನಮ್ಮ ರಾಜ್ಯಕ್ಕೆ ಮೈಸೂರು ಅಂತ ಹೆಸರಿದ್ದ ಕಾಲದ ಮಾತು. ಬಸವ್ವ ಪಾಟೀಲ ಎಂಬುವರ ಮನೆಯಲ್ಲಿ ಕಳ್ಳತನ ಆಯಿತು. ಪೊಲೀಸರು ಒಡವೆಗಳನ್ನು ಪತ್ತೆ ಹಚ್ಚಿ ಕೋರ್ಟಿಗೆ ತೋರಿಸಿದರು. ಬೆಲೆ ಕಟ್ಟಿಸಲು ಅವು ಮತ್ತೆ ಪೊಲೀಸರ ಕೈಗೇ ಹೋದವು. ಗೋಕಾಕ ಠಾಣೆಯ ಟ್ರಂಕಿನಲ್ಲಿ ಇಟ್ಟಿದ್ದರು. ಆಮೇಲೆ ತೆರೆದು ನೋಡಿದರೆ ಒಳಗೆ ಬರೀ ಕಲ್ಲು!

ಬಸವ್ವ ತಮ್ಮ ಒಡವೆ, ಇಲ್ಲವೇ ಅದರ ಬೆಲೆ ಕೊಡಿ ಎಂದು ಕೇಳಿದರು. ಕೆಳಗಿನ ಕೋರ್ಟು ಅರ್ಜಿ ವಜಾ ಮಾಡಿತು. ಮಾಲು ಕೋರ್ಟಿನ ವಶದಲ್ಲೇ ಇರಲಿಲ್ಲ ಎಂದು ಹೈಕೋರ್ಟು ಕೂಡ ಕೈಬಿಟ್ಟಿತು. ಅವರು ಅಲ್ಲಿಗೇ ನಿಲ್ಲಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. 1977ರಲ್ಲಿ ತೀರ್ಪು ಬಂತು: ಪೊಲೀಸರು ವಶಪಡಿಸಿಕೊಂಡ ಮಾಲನ್ನು ಜೋಪಾನ ಮಾಡುವುದು ಸರ್ಕಾರದ ಹೊಣೆ, ತಕ್ಕ ಎಚ್ಚರ ವಹಿಸಿದ್ದೆವು ಎಂದು ತೋರಿಸಲು ಆಗದಿದ್ದರೆ ಬೆಲೆ ಕಟ್ಟಿಕೊಡಬೇಕು. ಬಸವ್ವನಿಗೆ 10,000 ರೂಪಾಯಿ ಕೊಡಲು ಆದೇಶ ಆಯಿತು.

ಇದು ಸಣ್ಣ ಗೆಲುವಲ್ಲ. 1947ರಲ್ಲಿ ಮೀರತ್‌ನಲ್ಲಿ ಒಬ್ಬ ವ್ಯಾಪಾರಿಯಿಂದ ಪೊಲೀಸರು 103 ತೊಲಕ್ಕೂ ಹೆಚ್ಚು ಚಿನ್ನ ವಶಪಡಿಸಿಕೊಂಡಿದ್ದರು. ಹೆಡ್ ಕಾನ್‌ಸ್ಟೇಬಲ್ ಅದನ್ನು ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋದ. ಆ ವ್ಯಾಪಾರಿ ಹಾಕಿದ ದಾವೆ ಸುಪ್ರೀಂ ಕೋರ್ಟಿನಲ್ಲೇ ಸೋತಿತ್ತು. ಅಂಥ ತೀರ್ಪು ಇದ್ದರೂ ಬಸವ್ವ ಬೇರೆ ದಾರಿಯಲ್ಲಿ ಹೋಗಿ ಗೆದ್ದರು.

ಅದರ ಲಾಭ ಇಂದಿಗೂ ನಮಗೆ ಸಿಗ್ತಾ ಇದೆ. 2002ರಲ್ಲಿ ಸುಂದರ್‌ಭಾಯಿ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಸವ್ವನ ತೀರ್ಪನ್ನೇ ನೆನೆದು, ಒಡವೆಗಳನ್ನು ವರ್ಷಗಟ್ಟಲೆ ಠಾಣೆಯಲ್ಲಿ ಇಡಬೇಡಿ. ಪಂಚನಾಮೆ ಮಾಡಿ, ಫೋಟೋ ತೆಗೆದು, ಬಾಂಡ್ ಬರೆಸಿಕೊಂಡು ಮಾಲೀಕರಿಗೆ ಕೊಡಿ ಎಂದಿತು.

ಲೆಕ್ಕ ಬರೆಯುವವನಾಗಿ ನಾನು ಹೇಳುವುದು ಇಷ್ಟೇ: ಕಾಗದ ಇದ್ದರೆ ಅರ್ಧ ಗೆದ್ದ ಹಾಗೆ. ಇಲ್ಲಿ ಚಿನ್ನ ಕೊಂಡ ಬಿಲ್ಲನ್ನು ಎಸೆಯಬೇಡಿ, ಫೋಟೋ ತೆಗೆದು ಊರಿಗೂ ಕಳಿಸಿ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ, ಕೇಳಿ ತೆಗೆದುಕೊಳ್ಳಿ. ಮಾಲು ಸಿಕ್ಕಿದ ಮೇಲೆ ಠಾಣೆಗೆ ಅಲೆಯುವ ಬದಲು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿಸಿ. ರಜೆ ಸಿಗದಿದ್ದರೆ ಭಾರತೀಯ ರಾಯಭಾರ ಕಚೇರಿಯಲ್ಲಿ ಮುಖ್ತಿಯಾರ ಪತ್ರ ದೃಢೀಕರಿಸಿ ಮನೆಯವರಿಗೆ ಕಳಿಸಿ. ಊರು ಮುಟ್ಟಿದ 3 ತಿಂಗಳೊಳಗೆ ಅದಕ್ಕೆ ಸ್ಟಾಂಪು ಹಾಕಿಸಬೇಕು. ಅರ್ಜಿ ವಜಾ ಆದರೆ ಆದೇಶದ ದೃಢೀಕೃತ ನಕಲನ್ನು ಕೂಡಲೇ ತೆಗೆಸಿ, ಮೇಲಿನ ಕೋರ್ಟಿಗೆ ಹೋಗಲು ಎಷ್ಟು ದಿನ ಇದೆ ಅಂತ ವಕೀಲರನ್ನು ಅಂದೇ ಕೇಳಿ.

ಗೆಳೆಯರು ಚಹಾ ಮುಗಿಸಿ ಹೆಂಡತಿಗೆ ಫೋನ್ ಮಾಡಿದರು: "ಆ ಬಿಲ್ಲು ಎಲ್ಲಿದೆ, ಹುಡುಕು."